ಟೆಸ್ಟ್ ಡ್ರೈವ್ ಘಟ್ಟದಲ್ಲಿ ಆಗಲಿ

ಮಾನ್ಯರೇ,

2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಶೇ 18ಕ್ಕೆ ಇಳಿದ ಮೇಲೆ ಸಣ್ಣ ಸೆಡಾನ್‌ಗಳ ಬೆಲೆ ಇಳಿದಿದೆ. ಪೆಟ್ರೋಲ್ ಕಾರಿಗೆ ಈ ದರ ಸಿಗಬೇಕಾದರೆ ಉದ್ದ 4 ಮೀಟರ್, ಎಂಜಿನ್ 1200 ಸಿಸಿ ಮೀರುವಂತಿಲ್ಲ. ಹಾಗಾಗಿ ಡಿಜೈರ್, ಅಮೇಜ್, ಔರಾ, ಟಿಗೋರ್ ಎಲ್ಲಕ್ಕೂ 1.2 ಲೀಟರ್ ಎಂಜಿನ್ನೇ. ಶಕ್ತಿ 82ರಿಂದ 90 ಪಿಎಸ್ (ಹೆಚ್ಚುಕಡಿಮೆ ಅಶ್ವಶಕ್ತಿಯಷ್ಟೇ). ಕೊಳ್ಳುವವರು ಈ ಎಂಟು ಪಿಎಸ್ ಹಿಡಿದುಕೊಂಡೇ ಜಗ್ಗಾಡುವುದು.

ಆ 90 ಪಿಎಸ್ ಸಿಗುವುದು ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ, ಅಂದರೆ 6000 ಆರ್‌ಪಿಎಂನಲ್ಲಿ. ಕುಮಟಾ–ಶಿರಸಿ ರಸ್ತೆಯ ದೇವಿಮನೆ ಘಟ್ಟದಲ್ಲಿ ಎಂಜಿನ್ ಹಾಗೆ ಅರಚಿದರೆ ಹಿಂದೆ ಕೂತವರು ಇಳಿದೇ ಹೋದಾರು! ನಾವು ಓಡಿಸುವುದು 1500ರಿಂದ 3000ದ ನಡುವೆ. ಅಲ್ಲಿನ ಲೆಕ್ಕವೇ ಬೇರೆ. ಐದು ಜನ, ಡಿಕ್ಕಿಯಲ್ಲಿ ಸಾಮಾನು ಸೇರಿ ಕಾರು ಸುಮಾರು 1300 ಕೆ.ಜಿ. ತೂಗುತ್ತದೆ. 100 ಮೀಟರಿಗೆ 8 ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಹೋಗಲು ಹೆಚ್ಚುಕಡಿಮೆ 14 ಪಿಎಸ್ ಬೇಕು, ಎಸಿ ಕಂಪ್ರೆಸರ್‌ಗೆ ಇನ್ನು ಮೂರ್ನಾಲ್ಕು. ಅದೇ ವೇಗಕ್ಕೆ ಮೂರನೇ ಗೇರಿನಲ್ಲಿ ಎಂಜಿನ್ ತಿರುಗುವುದು ಸುಮಾರು 1400ರಲ್ಲಿ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಆಗ ಸಿಗುವುದು 18 ಪಿಎಸ್ ಆಸುಪಾಸು. ಉಳಿಕೆ ಸೊನ್ನೆ. ಗಾಡಿ ಗುಡುಗುಡು ನಡುಗುತ್ತದೆ, ಚಾಲಕ ಹಾಫ್ ಕ್ಲಚ್ ಒತ್ತುತ್ತಾನೆ, ಸುಟ್ಟ ವಾಸನೆ ಬರುತ್ತದೆ. ‘ಈ ಗಾಡಿ ಎಳೆಯೋದೇ ಇಲ್ಲ’ ಎಂಬ ದೂರು ಹುಟ್ಟುವುದು ಇಲ್ಲೇ. ತಿರುವಿಗೆ ಮೊದಲೇ ಎರಡನೇ ಗೇರಿಗೆ ಇಳಿಸಿದರೆ ಅದೇ ಎಂಜಿನ್ 2100ರಲ್ಲಿ 30 ಪಿಎಸ್ ಹತ್ತಿರ ಕೊಡುತ್ತದೆ.

ಇಳಿಯುವಾಗಲೂ ಅದೇ ಗೇರು. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕುವುದು ಮೂರ್ಖತನ: ಇಂಜೆಕ್ಷನ್ ಎಂಜಿನ್‌ಗೆ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲಿ ಇಳಿಯುವಾಗ ಪೆಟ್ರೋಲ್ ಪೂರೈಕೆಯೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಬೇಕೇ ಬೇಕು. ಮೇಲಿಂದ ನ್ಯೂಟ್ರಲ್‌ನಲ್ಲಿ ಬ್ರೇಕ್ ಬಿಸಿಯಾಗುತ್ತದೆ.

ಸಿಎನ್‌ಜಿ ಬಯಸುವವರಿಗೂ ಒಂದು ಮಾತು. ಹೊಸ ಡಿಜೈರ್ ಪೆಟ್ರೋಲ್‌ನಲ್ಲಿ 82 ಪಿಎಸ್ ಕೊಟ್ಟರೆ ಸಿಎನ್‌ಜಿಯಲ್ಲಿ 70ಕ್ಕೆ ಇಳಿಯುತ್ತದೆ, ಸಿಲಿಂಡರ್ ಡಿಕ್ಕಿಯನ್ನೂ ನುಂಗುತ್ತದೆ. ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿಯಲ್ಲೇ ಓಡಾಡುವವರಿಗೆ ಅಡ್ಡಿಯಿಲ್ಲ. ವಾರಕ್ಕೆರಡು ಸಲ ಘಟ್ಟ ಹತ್ತುವವರು ಯೋಚಿಸಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರು ಮಾರಾಟಗಾರರಲ್ಲಿ ಒಂದು ಕೋರಿಕೆ. ಸಮತಟ್ಟು ಹೆದ್ದಾರಿಯ ಮೇಲೆ ಒಬ್ಬರನ್ನೇ ಕೂರಿಸಿ ಎರಡು ಕಿ.ಮೀ. ಓಡಿಸಿದರೆ ಯಾವ ಕಾರಾದರೂ ಚೆನ್ನಾಗಿಯೇ ಕಾಣುತ್ತದೆ. ಕುಮಟಾದವರು ದೇವಿಮನೆಗೆ, ಅಂಕೋಲೆಯವರು ಅರಬೈಲು ಘಟ್ಟಕ್ಕೆ ಕರೆದೊಯ್ಯಲಿ. ನಾಲ್ವರನ್ನು ಕೂರಿಸಿ, ಎಸಿ ಹಾಕಿ, ಏರಿನಲ್ಲಿ ವಾಹನ ದಟ್ಟಣೆಯಿಲ್ಲದ ಅಗಲ ಜಾಗ ನೋಡಿ ಒಮ್ಮೆ ಪೂರ್ತಿ ನಿಲ್ಲಿಸಿ ಮತ್ತೆ ಹೊರಡಿಸಲಿ.

– ಓದುಗ, ಶಿರಸಿ