ಆಯಿಗೆ ಕೇಳಿದ್ದನ್ನು ದೊಡ್ಡಪ್ಪನಿಗೂ ಕೇಳು

ಧಾರವಾಡ

ಪ್ರೀತಿಯ ತಮ್ಮಾ, ನಿನಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಪಂಚಮಿ ದಿನ ಹಾವೇರಿ ಮನೆಯಲ್ಲಿ ಆದ ಮಾತು ಇನ್ನೂ ನಿನ್ನ ಮನಸ್ಸಿನಿಂದ ಹೋಗಿಲ್ಲ. ಕಲ್ಲಿನ ನಾಗಪ್ಪನಿಗೆ ಹಾಲೆರೆಯುತ್ತಿದ್ದ ಆಯಿಗೆ ‘ಹಾವು ಹಾಲು ಕುಡಿಯಲ್ಲ, ಇದೆಲ್ಲ ಮೂಢನಂಬಿಕೆ’ ಅಂದೆ. ನಿನ್ನ ಅಪ್ಪ ‘ದೇವರ ವಿಷಯದಾಗ ಬಾಯಿ ಹಾಕಬೇಡ’ ಅಂತ ಗದರಿದ. ಈಗ ನನ್ನನ್ನು ಕೇಳುತ್ತೀಯ: ಮಂತ್ರಿಯ ಭಾಷಣ, ಡಾಕ್ಟರ ಚೀಟಿ, ಬೀಜದ ಅಂಗಡಿಯವನ ಮಾತು ಎಲ್ಲವನ್ನೂ ಪ್ರಶ್ನೆ ಮಾಡಬಹುದು, ದೇವರ ಹೆಸರಿನ ನಂಬಿಕೆಗೆ ಮಾತ್ರ ಯಾಕೆ ರಿಯಾಯಿತಿ?

ರಿಯಾಯಿತಿ ಇಲ್ಲ ತಮ್ಮಾ. ಇರಲೂಬಾರದು. ಒಬ್ಬರ ನಂಬಿಕೆ ಇನ್ನೊಬ್ಬರ ಊಟ, ಓಡಾಟ, ಮದುವೆ, ಜೀವ ಇವನ್ನೆಲ್ಲ ಮುಟ್ಟುತ್ತದೆ ಅಂದಮೇಲೆ ಅದರ ಬಗ್ಗೆ ಕೇಳುವ ಹಕ್ಕು ಎಲ್ಲರಿಗೂ ಇದೆ. ಸಂವಿಧಾನದ 25ನೇ ವಿಧಿ ನಂಬುವ ಸ್ವಾತಂತ್ರ್ಯ ಕೊಟ್ಟಿದೆ. ನಂಬಿದ್ದನ್ನು ಯಾರೂ ಪ್ರಶ್ನಿಸಬಾರದು ಅಂತ ಅದು ಎಲ್ಲೂ ಹೇಳಿಲ್ಲ. 51ಎ ವಿಧಿಯಂತೂ ವೈಜ್ಞಾನಿಕ ಮನೋಭಾವ ಮತ್ತು ಪ್ರಶ್ನಿಸುವ ಗುಣ ಬೆಳೆಸಿಕೊಳ್ಳುವುದು ನಮ್ಮ ಕರ್ತವ್ಯ ಅನ್ನುತ್ತದೆ. ಕಲ್ಲ ನಾಗರಕ್ಕೆ ಹಾಲೆರೆಯುವವರು ನಿಜವಾದ ನಾಗರ ಕಂಡರೆ ಕೊಲ್ಲು ಅನ್ನುತ್ತಾರಲ್ಲ ಅಂತ ಬಸವಣ್ಣ 12ನೇ ಶತಮಾನದಲ್ಲೇ ಕೇಳಿದ. ಕುಲ ಕುಲ ಅಂತ ಹೊಡೆದಾಡುವವರನ್ನು ಕನಕದಾಸ ಕೇಳಿದ. ಶರೀಫಜ್ಜ ಮುಸ್ಲಿಂ ಮನೆಯಲ್ಲಿ ಹುಟ್ಟಿ ಕಳಸದ ಗೋವಿಂದಭಟ್ಟರನ್ನು ಗುರು ಅಂತ ಒಪ್ಪಿಕೊಂಡ. ಕನಕನ ಬಾಡ, ಶರೀಫರ ಶಿಶುನಾಳ ಎರಡೂ ನಿಮ್ಮ ಹಾವೇರಿ ಜಿಲ್ಲೆಯ ಊರುಗಳೇ. ಹಾಗಾಗಿ ಪ್ರಶ್ನೆ ಕೇಳುವುದು ನಮ್ಮ ಪದ್ಧತಿ ಅಲ್ಲ ಅಂತ ಯಾರಾದರೂ ಅಂದರೆ ನಂಬಬೇಡ.

ಇಷ್ಟು ನಿನ್ನ ಪರವಾಗಿ. ಇನ್ನು ಆಯಿಯ ವಿಷಯ.

ಹಾವು ಹಾಲು ಕುಡಿಯುವುದಿಲ್ಲ ಅನ್ನುವುದು ನಿಜ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು, ಅದನ್ನು ನನಗೆ ಹೇಳಬೇಕಿಲ್ಲ. ಆದರೆ ಹಾಲೆರೆಯುವಾಗ ಆಯಿಯ ಬಾಯಲ್ಲಿ ಏನು ಬರುತ್ತಿತ್ತು, ಕೇಳಿಸಿಕೊಂಡೆಯಾ? ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು. ಹೀಗೆ ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಚಮಚ. ತವರಿನಲ್ಲಿ ಯಾರೂ ಉಳಿದಿಲ್ಲದ ಮುದುಕಿ ಅವರನ್ನೆಲ್ಲ ವರ್ಷಕ್ಕೊಮ್ಮೆ ನೆನೆಯುತ್ತಾಳೆ. ಹಾವಿನ ಆಹಾರದ ಬಗ್ಗೆ ಅವಳು ವಾದ ಹೂಡಿರಲಿಲ್ಲ. ನೀನು ಗೆದ್ದಿದ್ದು ಅವಳು ಮಾಡದ ವಾದವನ್ನು. ಒಂದು ನಂಬಿಕೆಯನ್ನು ಪ್ರಶ್ನಿಸಬೇಕಾದರೆ ಮೊದಲು ಅದು ಏನು ಅಂತ ತಿಳಿದುಕೋ. ಇಷ್ಟು ಕಷ್ಟವನ್ನಾದರೂ ತೆಗೆದುಕೊಳ್ಳಬೇಕು, ಅಲ್ವಾ?

ನನಗೆ ನಿಜವಾಗಿ ಬೇಜಾರಾಗಿದ್ದು ಬೇರೆ. ಅದೇ ದಿನ ನಿನ್ನ ತಂಗಿ ಮುಟ್ಟಾಗಿದ್ದಳು. ದೇವರ ಮನೆ ಹೊಸ್ತಿಲು ದಾಟಬೇಡ ಅಂತ ದೊಡ್ಡಪ್ಪ ಅಂದ. ಹಬ್ಬದ ದಿನ ಆ ಹುಡುಗಿ ಪಡಸಾಲೆಯ ಮೂಲೆಯಲ್ಲಿ ಕೂತು ಉಂಡಳು. ನೀನು ಅಲ್ಲೇ ಇದ್ದೆ. ಒಂದು ಮಾತೂ ಆಡಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ ನಮ್ಮದು. ಜನನ, ಮರಣ, ಮುಟ್ಟು, ಎಂಜಲು, ಜಾತಿ ಈ ಐದು ಸೂತಕ ಲಿಂಗವಂತರಿಗೆ ಇಲ್ಲ ಅಂತ ಶರಣರು ಹೇಳಿ ಎಂಟು ನೂರು ವರ್ಷದ ಮೇಲಾಯಿತು. ದೊಡ್ಡಪ್ಪನ ಮುಂದೆ ಅದನ್ನೇ ಎತ್ತಿದ್ದರೆ ಅವನು ಏನು ಹೇಳುತ್ತಿದ್ದ? ಅವನು ಓದಿದವನು, ಬಸವ ಜಯಂತಿಯಲ್ಲಿ ಭಾಷಣ ಮಾಡುವವನು. ಉತ್ತರ ಕೊಡಬೇಕಾದವನು ಅವನೇ. ತಿರುಗಿ ಮಾತಾಡಲು ಬರದ ಆಯಿಯನ್ನು ಎಲ್ಲರ ಮುಂದೆ ಪ್ರಶ್ನಿಸಿದೆ, ಅಧಿಕಾರ ಇದ್ದವನ ಮುಂದೆ ಸುಮ್ನೆ ಕೂತೆ. ಇದನ್ನು ನಾನು ಧೈರ್ಯ ಅಂತ ಒಪ್ಪುವುದಿಲ್ಲ.

ಹಾವಿನ ವಿಷಯದಲ್ಲೇ ಇನ್ನೊಂದು ನಂಬಿಕೆ ಇದೆ. ಅದರ ಮುಂದೆ ಮಾತ್ರ ಯಾರ ಮುಖ ನೋಡಿಯೂ ಸುಮ್ಮನಿರಬೇಡ. ಹಾವು ಕಚ್ಚಿದರೆ ಗುಡಿಗೆ ಒಯ್ಯುವುದು, ಮಂತ್ರ ಹಾಕಿಸುವುದು, ಬೇರು ಅರೆದು ಕುಡಿಸುವುದು. ನನ್ನ ವಿದ್ಯಾರ್ಥಿನಿಯೊಬ್ಬಳ ಅಪ್ಪನಿಗೆ ಹೊಲದಲ್ಲಿ ನಾಗರ ಕಚ್ಚಿತು. ಮೊದಲು ಗುಡಿಗೆ ಒಯ್ದರು. ಆಸ್ಪತ್ರೆಗೆ ತರುವಷ್ಟರಲ್ಲಿ ಉಸಿರು ನಿಂತಿತ್ತು. ನಾಗರಹಾವಿನ ವಿಷ ನರಗಳನ್ನು ಹಿಡಿದು ಉಸಿರಾಡುವ ಸ್ನಾಯುಗಳನ್ನೇ ನಿಲ್ಲಿಸುತ್ತದೆ. ಅದಕ್ಕೆ ಮದ್ದು, ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಚುಚ್ಚಿ ಅದರ ರಕ್ತದಿಂದ ತಯಾರಿಸುವ ಇಂಜೆಕ್ಷನ್. ನಮ್ಮ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸುಮಾರು 58,000 ಜನ ಸಾಯುತ್ತಾರೆ ಅಂತ ಅಂದಾಜು. ನಮ್ಮ ರಾಜ್ಯ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ನಿಯಮ ಮಾಡಿತು.

ಮಂತ್ರದ ನಂಬಿಕೆ ಯಾಕೆ ಇಷ್ಟು ಗಟ್ಟಿ ಅನ್ನುವುದನ್ನೂ ತಿಳಿದುಕೋ. ಕಚ್ಚುವ ಹಾವುಗಳಲ್ಲಿ ವಿಷ ಇಲ್ಲದವೇ ಜಾಸ್ತಿ. ವಿಷದ ಹಾವೂ ಎಷ್ಟೋ ಸಲ ಹಲ್ಲು ಊರಿ ವಿಷ ಬಿಡದೆ ಹೋಗುತ್ತದೆ. ಇಂಥವರು ಮಂತ್ರ ಇದ್ದರೂ ಬದುಕುತ್ತಾರೆ, ಇಲ್ಲದಿದ್ದರೂ ಬದುಕುತ್ತಾರೆ. ಬದುಕಿದವರು ಮಂತ್ರವಾದಿಯ ಹೆಸರು ಹೇಳಿಕೊಂಡು ಊರೆಲ್ಲ ಓಡಾಡುತ್ತಾರೆ. ಸತ್ತವರು ಬಂದು ಹೇಳುವುದಿಲ್ಲವಲ್ಲ. ಊರಲ್ಲಿ ಮಾತಾಡುವಾಗ ಈ ಲೆಕ್ಕ ಬಿಡಿಸಿ ಹೇಳು. ‘ಮೂಢನಂಬಿಕೆ’ ಅಂದುಬಿಟ್ಟರೆ ಎದುರಿನವರು ಎದ್ದು ಹೋಗುತ್ತಾರೆ. ಲೆಕ್ಕ ಹೇಳಿದರೆ ಕೂತು ಕೇಳುತ್ತಾರೆ. ನಾನು ಕಂಡಿದ್ದೇನೆ.

ಪ್ರಶ್ನೆ ಮಾಡಿದರೆ ಧರ್ಮವೇ ಹಾಳಾಗುತ್ತದೆ ಅನ್ನುವವರಿಗೆ ಸವದತ್ತಿ ತೋರಿಸು. ಎಲ್ಲಮ್ಮನ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡುವುದನ್ನು ಮುಟ್ಟಬೇಡಿ, ದೇವಿ ಮುನಿಯುತ್ತಾಳೆ ಅನ್ನುತ್ತಿದ್ದರು. 1982ರಲ್ಲಿ ಅದರ ವಿರುದ್ಧ ಕಾನೂನು ಬಂತು. ದೇವದಾಸಿಯರಾಗಿದ್ದ ಹೆಣ್ಣುಮಕ್ಕಳೇ ಮುಂದೆ ನಿಂತು ‘ಇದು ನಮ್ಮ ಮಕ್ಕಳಿಗೆ ಬೇಡ’ ಅಂದರು. ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಇವತ್ತೂ ಕಡಿಮೆ ಆಗಿಲ್ಲ. ಉಧೋ ಉಧೋ ಅನ್ನುವ ಕೂಗೂ ನಿಂತಿಲ್ಲ.

ಇನ್ನು ನಿನ್ನ ಅಪ್ಪನ ಮಾತು. ಅವನ ಮೇಲೆ ಸಿಟ್ಟು ಮಾಡಬೇಡ. 2015ರ ಆಗಸ್ಟ್ 30, ಭಾನುವಾರ ಬೆಳಿಗ್ಗೆ ಇಲ್ಲೇ ಕಲ್ಯಾಣ ನಗರದಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಶಾಸನ, ವಚನ ಅಂತ ಜೀವನವನ್ನೇ ಕಳೆದ, ನಂಬಿಕೆಗಳನ್ನು ಪ್ರಶ್ನಿಸುತ್ತಿದ್ದ ಹಿರಿಯ ಸಂಶೋಧಕರು. ಆಗ ನಿನ್ನ ಅಪ್ಪ ಧಾರವಾಡದಲ್ಲೇ ನೌಕರಿಯಲ್ಲಿದ್ದ. ಆ ದಿನದಿಂದ ಅವನಿಗೆ ಹೆದರಿಕೆ ಹೊಕ್ಕಿದೆ. ಮಗ ಬಾಯಿ ಬಿಟ್ಟರೆ ಆ ಬೆಳಗು ನೆನಪಾಗುತ್ತದೆ. ಅವನ ಹೆದರಿಕೆ ನನಗೆ ಅರ್ಥವಾಗುತ್ತದೆ. ಅವನು ಹಿಡಿದ ದಾರಿ ಮಾತ್ರ ಒಪ್ಪುವುದಿಲ್ಲ. ಕೊಂದವರಿಗೆ ಬೇಕಾಗಿದ್ದೇ ನಾವೆಲ್ಲ ಮನೆಯೊಳಗೂ ಬಾಯಿ ಮುಚ್ಚುವುದು.

ಕಾನೂನೂ ಗೊತ್ತಿರಲಿ. ಹಳೆಯ ಭಾರತೀಯ ದಂಡ ಸಂಹಿತೆಯ 295ಎ ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಆಗಿದೆ. ಬೇಕಂತಲೇ, ದ್ವೇಷದಿಂದ ಒಂದು ಧರ್ಮವನ್ನು ಅವಮಾನಿಸಿದರೆ ಮೂರು ವರ್ಷದವರೆಗೆ ಶಿಕ್ಷೆ. ಪ್ರಶ್ನೆ ಕೇಳುವುದು ಅಪರಾಧ ಅಂತ ಅದರಲ್ಲಿಲ್ಲ. ಮನಸ್ಸಿಗೆ ನೋವಾಯಿತು ಅಂತ ದೂರು ಕೊಡುವವರು ಇರುತ್ತಾರೆ, ಅದಕ್ಕೇ ಮಾತು ತೂಗಿ ಆಡು. ಆದರೆ ನೋವಾಯಿತು ಅನ್ನುವುದು ಪ್ರಶ್ನೆಗೆ ಉತ್ತರ ಆಗುವುದಿಲ್ಲ ಅನ್ನುವುದನ್ನು ಬಿಟ್ಟುಕೊಡಬೇಡ.

ಬೇರೆ ಧರ್ಮದವರ ನಂಬಿಕೆಯನ್ನೂ ಕೇಳಬಹುದಾ ಅಂದಿದ್ದೀಯ. ಕೇಳಬಹುದು. ಆದರೆ ಹುಬ್ಬಳ್ಳಿಯಂಥ ಊರಲ್ಲಿ, ಈದ್ಗಾ ಮೈದಾನದ ಹೆಸರಲ್ಲಿ ರಕ್ತ ಹರಿದ ಊರಲ್ಲಿ, ನೂರು ಜನರ ಗುಂಪು ಕಟ್ಟಿಕೊಂಡು ಹೋಗಿ ಒಬ್ಬನ ಮನೆ ಮುಂದೆ ಕೇಳಬಾರದು. ಎದುರಿನವನು ಹೆದರದೆ ತಿರುಗಿ ಕೇಳುವ ಹಾಗಿರಬೇಕು. ಅವನು ನಿನ್ನ ಧರ್ಮವನ್ನು ಕೇಳಿದಾಗ ನಿನಗೂ ಉತ್ತರ ಕೊಡುವ ತಾಳ್ಮೆ ಇರಬೇಕು.

ದೀಪಾವಳಿಗೆ ಎಲ್ಲರೂ ಸೇರುತ್ತೇವೆ. ತಂಗಿಯ ವಿಷಯವನ್ನು ದೊಡ್ಡಪ್ಪನ ಮುಂದೆ ನೀನೇ ಎತ್ತು. ಮೊದಲು ಅವಳನ್ನು ಕೇಳು, ಅವಳಿಗೆ ಬೇಕಾದರೆ ಮಾತ್ರ. ದೊಡ್ಡಪ್ಪ ಸಿಟ್ಟಾಗುತ್ತಾನೆ, ಆಗಲಿ. ನಾನು ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ. ನಿನ್ನ ಅಪ್ಪನಿಗೂ ಇವತ್ತೇ ಬೇರೆ ಪತ್ರ ಹಾಕುತ್ತೇನೆ.

ಇಂತಿ ನಿನ್ನ
ಅತ್ತೆ