ತಿದ್ದಿ ಬರೆಸದ ಹೊರತು ವ್ಯವಹಾರ ಪತ್ರ ಕೈಗೆ ಹತ್ತದು

ಮಾನ್ಯ ಸಂಪಾದಕರೆ,

ನಮ್ಮ ರಾಜ್ಯದ ಪದವಿ ಶಿಕ್ಷಣವು 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಚೌಕಟ್ಟಿಗೆ ಹೊಂದಿಕೊಂಡು, 2024-25ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಈ ಅದಲುಬದಲಿನಲ್ಲಿ ಬಿ.ಕಾಂ. ಪಠ್ಯಕ್ರಮವೂ ಬದಲಾಯಿತು. ಆದರೆ ವ್ಯವಹಾರಕ್ಕೆ ಬೇಕಾದ ಬರವಣಿಗೆಯನ್ನೂ ಮಾತನ್ನೂ ಕಲಿಸುವ ರೀತಿ ಮಾತ್ರ, ನಾನು ಕಂಡ ಮಟ್ಟಿಗೆ, ಇದ್ದಲ್ಲಿಯೇ ಇದೆ. ಸಂವಹನ ಎಂದರೇನು, ಅದರ ವಿಧಗಳು ಎಷ್ಟು, ಅಡೆತಡೆಗಳು ಯಾವುವು ಎಂಬ ಪ್ರಶ್ನೆಗಳಿಗೆ ಗೈಡ್ ಓದಿ ಉತ್ತರ ಬರೆದು ಒಳ್ಳೆಯ ಅಂಕ ಪಡೆದ ವಿದ್ಯಾರ್ಥಿಯು, ಬಾಕಿ ಹಣ ಕೇಳುವ ಒಂದು ಪತ್ರವನ್ನು ಬರೆಯಲಾರದೆ ಪದವಿ ಮುಗಿಸುತ್ತಿದ್ದಾನೆ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದು, ಜನ ಬರೆದು ತಂದ ಅರ್ಜಿಗಳನ್ನು ದಿನವೂ ಓದಿದವನಾಗಿ, ಈ ಬಗ್ಗೆ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳ ಗಮನಕ್ಕೆ ತರಬಯಸುತ್ತೇನೆ.

ಕಳೆದ ವರ್ಷ ಪದವಿ ಕಾಲೇಜೊಂದರಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಅಣಕು ಸಂದರ್ಶನ ನಡೆಸಿಕೊಡಲು ನನ್ನನ್ನು ಕರೆದಿದ್ದರು. ಸಂದರ್ಶನಕ್ಕೆ ಮೊದಲು ನಾನು ಒಂದು ಸಣ್ಣ ಕೆಲಸ ಕೊಟ್ಟೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯವರೊಬ್ಬರು ಪರಊರಿನ ಅಂಗಡಿಗೆ 86,400 ರೂಪಾಯಿಯ ಸರಕನ್ನು ಸಾಲಕ್ಕೆ ಕಳುಹಿಸಿದ್ದಾರೆ, ಎರಡು ತಿಂಗಳಾದರೂ ಹಣ ಬಂದಿಲ್ಲ, ಅವರ ಪರವಾಗಿ ಪತ್ರ ಬರೆಯಿರಿ ಎಂದೆ. ಬಿಲ್ಲಿನ ಸಂಖ್ಯೆಯನ್ನೂ ದಿನಾಂಕವನ್ನೂ ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಕೈಗೆ ಬಂದ ಹಾಳೆಗಳಲ್ಲಿ ಹೆಚ್ಚಿನವು ಶಾಲೆಯಲ್ಲಿ ಕಲಿತ ರಜಾ ಅರ್ಜಿಯ ಅಚ್ಚಿನಲ್ಲಿಯೇ ಇದ್ದವು. ಇಂಗ್ಲಿಷಿನಲ್ಲಿ ಬರೆದವರು ಅರ್ಧ ಪುಟವನ್ನು ವಿನಯಕ್ಕೇ ವ್ಯಯಿಸಿದ್ದರು. ಕನ್ನಡದಲ್ಲಿ ಬರೆದವರು ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಆರಂಭಿಸಿ, ವಿನಂತಿ ಏನೆಂಬುದಕ್ಕೆ ಬರುವಷ್ಟರಲ್ಲಿ ದಾರಿ ತಪ್ಪಿದ್ದರು. ಎಷ್ಟೋ ಹಾಳೆಗಳಲ್ಲಿ ಮೊತ್ತ ಇರಲಿಲ್ಲ. ಇದ್ದವುಗಳಲ್ಲಿ ಯಾವ ಬಿಲ್ಲಿನದು ಎಂಬುದಿರಲಿಲ್ಲ. ಎಂದಿನೊಳಗೆ ಕೊಡಬೇಕು ಎಂದು ಕೇಳಿದವರು ಇಬ್ಬರೋ ಮೂವರೋ ಇದ್ದರು. ಇವರು ದಡ್ಡ ಮಕ್ಕಳಲ್ಲ. ಲೆಕ್ಕಪತ್ರದ ಪ್ರಶ್ನೆಗಳಿಗೆ ಚುರುಕಾಗಿ ಉತ್ತರಿಸಿದವರು ಇವರೇ. ತಾವು ಬರೆದ ಪತ್ರವನ್ನು ಒಬ್ಬರು ಕುಳಿತು ಓದಿ, ಎಲ್ಲಿ ತಪ್ಪಿದೆ ಎಂದು ತೋರಿಸಿ, ಮತ್ತೆ ಬರೆಸಿದ ಅನುಭವವೇ ಅವರಿಗೆ ಆಗಿರಲಿಲ್ಲ.

ಒಬ್ಬ ಹುಡುಗಿ ಮಾತ್ರ ಹಾಳೆ ತೆಗೆದುಕೊಳ್ಳುವಾಗಲೇ, “ಸರ್, ಕನ್ನಡದಲ್ಲಿ ಬರೆದರೆ ನಡೆಯುತ್ತಾ?” ಎಂದು ಕೇಳಿದಳು. ಅವಳು ಬರೆದದ್ದು ಐದೇ ವಾಕ್ಯ. ಯಾವ ಬಿಲ್ಲು, ಯಾವ ದಿನಾಂಕ, ಎಷ್ಟು ಬಾಕಿ, ಯಾವ ತಾರೀಖಿನೊಳಗೆ ಬೇಕು, ಯಾವ ಖಾತೆಗೆ ಹಾಕಬೇಕು, ಅಷ್ಟೇ. ವಿಚಾರಿಸಿದಾಗ, ತಂದೆಯ ಕಿರಾಣಿ ಅಂಗಡಿಯ ಖಾತೆ ಪುಸ್ತಕವನ್ನು ಹೈಸ್ಕೂಲಿನಿಂದಲೂ ಅವಳೇ ಬರೆಯುತ್ತಿದ್ದಾಳೆಂದು ತಿಳಿಯಿತು. ಕಾಲೇಜು ಕಲಿಸಬೇಕಾದುದನ್ನು ಅಂಗಡಿ ಕಲಿಸಿತ್ತು.

ಪತ್ರವೊಂದರ ಒಕ್ಕಣೆಯಿಂದ ಏನಾಗಿಬಿಡುತ್ತದೆ ಎಂದು ಕೆಲವರಿಗೆ ಅನ್ನಿಸಬಹುದು. ನನ್ನ ಶಾಖೆಯ ಗ್ರಾಹಕರಾಗಿದ್ದ ಅಕ್ಕಿ ವ್ಯಾಪಾರಿಯೊಬ್ಬರಿಗೆ ಬಂದ ಚೆಕ್ಕು ಹಣವಿಲ್ಲದೆ ವಾಪಸಾಯಿತು. ಅವರು ಕೊಟ್ಟವರಿಗೆ ಫೋನ್ ಮಾಡುತ್ತಲೇ ಎರಡು ತಿಂಗಳು ಕಳೆದರು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಪ್ರಕಾರ ಕ್ರಿಮಿನಲ್ ಮೊಕದ್ದಮೆ ಹೂಡಬೇಕಾದರೆ, ಚೆಕ್ಕು ಅಮಾನ್ಯವಾದ ಸುದ್ದಿ ಬ್ಯಾಂಕಿನಿಂದ ತಲುಪಿದ 30 ದಿನಗಳೊಳಗೆ ಹಣ ಕೇಳುವ ಲಿಖಿತ ನೋಟಿಸು ಹೋಗಬೇಕು. ನೋಟಿಸು ತಲುಪಿದ ಮೇಲೆ ಹಣ ಕೊಡಲು ಎದುರು ಪಕ್ಷದವರಿಗೆ 15 ದಿನಗಳ ಅವಕಾಶವಿರುತ್ತದೆ. ನಮ್ಮ ವ್ಯಾಪಾರಿ ವಕೀಲರ ಬಳಿ ಹೋಗುವ ಹೊತ್ತಿಗೆ 30 ದಿನಗಳು ಎಂದೋ ಮುಗಿದಿದ್ದವು, ಚೆಕ್ಕನ್ನು ಮತ್ತೆ ಹಾಕೋಣವೆಂದರೆ ಅದರ ಮೂರು ತಿಂಗಳ ಅವಧಿಯೂ ತೀರಿತ್ತು. ಸಿವಿಲ್ ದಾವೆಯೊಂದೇ ಅವರಿಗೆ ಉಳಿದ ದಾರಿ. ಸಮಯಕ್ಕೆ ಬರೆದರೂ ಸಾಲದು, ಸರಿಯಾಗಿ ಬರೆಯಬೇಕು: ನೋಟಿಸಿನಲ್ಲಿ ಚೆಕ್ಕಿನ ಮೊತ್ತವನ್ನೇ ಕೇಳಿರಬೇಕು, ಬೆರಳಚ್ಚಿನ ತಪ್ಪಿನಿಂದ ಬೇರೆ ಮೊತ್ತ ಬಂತೆಂಬ ಸಮಜಾಯಿಷಿ ಒಪ್ಪತಕ್ಕದ್ದಲ್ಲವೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗೆಯೇ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯಡಿ, ಸಣ್ಣ ಉದ್ಯಮದಿಂದ ಸರಕು ಕೊಂಡವರು ಒಪ್ಪಂದ ಏನೇ ಇದ್ದರೂ 45 ದಿನಗಳನ್ನು ಮೀರಿ ಹಣ ಉಳಿಸಿಕೊಳ್ಳುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಾದ, ಅಂದರೆ ಉದ್ಯಮ್ ನೋಂದಣಿ ಇರುವ ಭಟ್ಟಿಯ ಮಾಲೀಕರು ಈ ಒಂದು ವಾಕ್ಯವನ್ನು ತಮ್ಮ ಪತ್ರದಲ್ಲಿ ಸೇರಿಸಿದರೆ ಅದರ ತೂಕವೇ ಬೇರೆಯಾಗುತ್ತದೆ. ಕಾನೂನಿನ ಪಠ್ಯದಲ್ಲಿ ಓದಿದ ಇಂತಹ ಸಂಗತಿಗಳನ್ನು ಪತ್ರದಲ್ಲಿ ಬಳಸುವುದು ಹೇಗೆಂದು ಹೇಳಿಕೊಡುವ ಜಾಗ ವ್ಯವಹಾರ ಸಂವಹನದ ತರಗತಿಯಲ್ಲದೆ ಬೇರಾವುದು?

ಆ ಹುಡುಗಿಯ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಕನ್ನಡದಲ್ಲಿ ವ್ಯವಹಾರ ಬರೆಯುವುದು ನಿನ್ನೆ ಮೊನ್ನೆಯದಲ್ಲ. ಹುಣಸೆ ಬೀಜದ ಅಂಟಿಗೆ ಇದ್ದಿಲಿನ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತಗಳಲ್ಲಿ ಮಠಗಳು ಮತ್ತು ವರ್ತಕರು ತಮ್ಮ ಲೆಕ್ಕವನ್ನೂ ಪತ್ರದ ಪ್ರತಿಗಳನ್ನೂ ಇಟ್ಟುಕೊಂಡಿದ್ದರು. ಇಂದು ಕಚೇರಿಗಳಲ್ಲಿ ಫೈಲಿಗೆ ಕಡತ ಎನ್ನುವುದು ಅಲ್ಲಿಂದಲೇ ಬಂದ ಮಾತು. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ, ಬೆಂಗಳೂರಿನ ಕಂಪನಿಗೂ ಹೊರರಾಜ್ಯದ ಗಿರಾಕಿಗೂ ಇಂಗ್ಲಿಷಿನಲ್ಲಿಯೇ ಬರೆಯಬೇಕಾಗುತ್ತದೆ. ಆದರೆ ಏನು ಹೇಳಬೇಕು, ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವು ತಾಯ್ನುಡಿಯಲ್ಲಿ ಬೇಗ ಕೂಡಿಬರುತ್ತದೆ, ಬಂದ ಮೇಲೆ ಅದನ್ನು ಇಂಗ್ಲಿಷಿಗೆ ದಾಟಿಸುವುದು ಅಷ್ಟು ಕಷ್ಟವಲ್ಲ. ಒಂದೇ ಪತ್ರವನ್ನು ಎರಡೂ ಭಾಷೆಗಳಲ್ಲಿ ಬರೆಸಬೇಕು.

ಮಾತಿನ ವಿಷಯಕ್ಕೆ ಬಂದರೆ, ಭಾಷಣ ಸ್ಪರ್ಧೆಯ ಮಾತನ್ನೇ ನಾವು ಮಾತುಗಾರಿಕೆ ಎಂದುಕೊಂಡಿದ್ದೇವೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರು ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ, ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ, ಅಂಗಡಿ ಅಂಗಡಿಯಿಂದ ಸಂಗ್ರಹಿಸಿದ ಏಜೆಂಟರು ವೇದಿಕೆ ಹತ್ತಿದವರಲ್ಲ. ಎದುರಿಗಿದ್ದವರಿಗೆ ಅವರದೇ ಮಾತಿನಲ್ಲಿ ನಂಬಿಕೆ ಬರುವಂತೆ ವಿವರಿಸಬಲ್ಲವರಾಗಿದ್ದರು. ಆ ದಿನ ಅಣಕು ಸಂದರ್ಶನದಲ್ಲಿ ನಾನು ಹಳ್ಳಿಯ ಹಿರಿಯನಂತೆ ಕುಳಿತು, ನನ್ನ ಖಾತೆಯಲ್ಲಿ ಹಣ ಕೊಡುತ್ತಿಲ್ಲ ಏಕೆ ಎಂದು ಕೇಳಿದೆ. ಬ್ಯಾಂಕ್ ಪರೀಕ್ಷೆಗೆ ಸಿದ್ಧವಾಗುತ್ತಿದ್ದ ಹುಡುಗ, “ಅಕೌಂಟ್ ಇನಾಪರೇಟಿವ್ ಆಗಿದೆ, ಕೆವೈಸಿ ಅಪ್‌ಡೇಟ್ ಆಗಿಲ್ಲ” ಎಂದ. “ಹಂಗಂದ್ರೆ ಏನಪ್ಪ, ನನ್ನ ದುಡ್ಡು ಹೋಯ್ತಾ?” ಎಂದು ಮತ್ತೆ ಕೇಳಿದಾಗ ಅವನು ಅದೇ ವಾಕ್ಯವನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದ. ಎರಡು ವರ್ಷ ಖಾತೆಯಲ್ಲಿ ನೀವು ವ್ಯವಹಾರ ಮಾಡಿಲ್ಲ, ಹಣ ಎಲ್ಲಿಯೂ ಹೋಗಿಲ್ಲ, ಆಧಾರ್ ಮತ್ತು ಒಂದು ಫೋಟೊ ತಂದುಕೊಡಿ ಎಂದು ನಾನು ಹೇಳಿ ತೋರಿಸಿದ ಮೇಲೆ, ಅವನು ಎರಡನೆಯ ಸಲ ಬಹಳ ಚೆನ್ನಾಗಿ ಹೇಳಿದ. ಹತ್ತು ನಿಮಿಷದ ಕಲಿಕೆ ಅದು, ಆದರೆ ಆ ಹತ್ತು ನಿಮಿಷ ಅವನೊಬ್ಬನಿಗೇ ಮೀಸಲಾಗಿ ಸಿಗಬೇಕಿತ್ತು.

ಅಧ್ಯಾಪಕರನ್ನು ದೂರುವುದು ನನ್ನ ಉದ್ದೇಶವಲ್ಲ. ತರಗತಿಯಲ್ಲಿ 80 ಮಂದಿ ಇದ್ದು, ಒಂದೊಂದು ಪತ್ರಕ್ಕೆ ಐದೇ ನಿಮಿಷ ಕೊಟ್ಟು ತಿದ್ದಿದರೂ ಆರು ಗಂಟೆ ನಲವತ್ತು ನಿಮಿಷ ಬೇಕು. ಒಂದಕ್ಕಿಂತ ಹೆಚ್ಚು ಕಾಲೇಜುಗಳಿಗೆ ಓಡಾಡುವ ಅತಿಥಿ ಉಪನ್ಯಾಸಕರಿಂದ ಇದನ್ನು ಪ್ರತಿ ವಾರ ನಿರೀಕ್ಷಿಸುವುದು ನ್ಯಾಯವಲ್ಲ. ರಸಾಯನ ವಿಜ್ಞಾನದ ಪ್ರಯೋಗಾಲಯದಲ್ಲಿ ಮಕ್ಕಳನ್ನು ಸಣ್ಣ ಬ್ಯಾಚುಗಳಾಗಿ ಮಾಡಿ, ಆ ಗಂಟೆಗಳನ್ನು ಅಧ್ಯಾಪಕರ ಕಾರ್ಯಭಾರಕ್ಕೆ ಸೇರಿಸಿ, ರೆಕಾರ್ಡ್ ಪುಸ್ತಕಕ್ಕೆ ಅಂಕ ಕೊಡುವ ಕ್ರಮ ನಮ್ಮಲ್ಲಿ ಮೊದಲಿನಿಂದಲೂ ಇದೆ. ವ್ಯವಹಾರ ಸಂವಹನವನ್ನೂ ಪ್ರಾಯೋಗಿಕ ವಿಷಯವೆಂದು ಪರಿಗಣಿಸಿ, 20 ಮಂದಿಯ ಬ್ಯಾಚು ಮಾಡಿ, ಮೊದಲ ಬರಹ, ಅದರ ಮೇಲಿನ ತಿದ್ದುಪಡಿ, ಮತ್ತೆ ಬರೆದ ಪ್ರತಿ ಮೂರನ್ನೂ ರೆಕಾರ್ಡಿನಲ್ಲಿ ಇಡಿಸಿ, ಅಂಕಗಳನ್ನು ಮರುಬರಹಕ್ಕೆ ಕೊಡಬೇಕು. ಈಗ ಮೊಬೈಲಿಗೆ ಹೇಳಿದರೆ ನುಣುಪಾದ ಪತ್ರ ಸಿಕ್ಕಿಬಿಡುತ್ತದೆ ಎನ್ನುವವರಿದ್ದಾರೆ. ಸಿಗುತ್ತದೆ, ನಿಜ, ಆದರೆ ಅದರಲ್ಲಿ ಬಿಲ್ಲಿನ ಸಂಖ್ಯೆ ಬಿಟ್ಟುಹೋಗಿದೆ ಎಂದು ಗುರುತಿಸಲು ತಿದ್ದಿ ಬರೆದು ಪಳಗಿದ ಕಣ್ಣು ಬೇಕು. ಲಿಖಿತ ಪರೀಕ್ಷೆಯ ಅಂಕಗಳಲ್ಲಿ ಒಂದು ಪಾಲನ್ನು ಹತ್ತು ನಿಮಿಷದ ಮೌಖಿಕ ಪರೀಕ್ಷೆಗೆ ವರ್ಗಾಯಿಸಿ, ಊರಿನ ವರ್ತಕರನ್ನೋ ಲೆಕ್ಕ ಪರಿಶೋಧಕರನ್ನೋ ಅದಕ್ಕೆ ಬಾಹ್ಯ ಪರೀಕ್ಷಕರಾಗಿ ಕರೆಯಬಹುದು.

ತಿದ್ದಲು ಕೈಗಳು ಸಾಲದೆಂದಾದರೆ, ನಿವೃತ್ತ ಬ್ಯಾಂಕ್ ನೌಕರರು, ಅಂಚೆ ಮತ್ತು ವಿಮಾ ಇಲಾಖೆಯಲ್ಲಿ ದುಡಿದವರು, ಕಚೇರಿ ಪತ್ರಗಳಲ್ಲಿ ತಲೆ ನರೆಸಿದವರು ನಮ್ಮ ಊರುಗಳಲ್ಲಿ ಬಹಳ ಮಂದಿ ಇದ್ದೇವೆ. ಯಾವುದೇ ಕಾಲೇಜು ಕರೆದರೂ ವಾರಕ್ಕೆ ಎರಡು ಮಧ್ಯಾಹ್ನ, ಸಂಭಾವನೆ ಇಲ್ಲದೆ, ಮಕ್ಕಳ ಜೊತೆ ಕುಳಿತು ಅವರ ಹಾಳೆಗಳನ್ನು ತಿದ್ದಿಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಅಧಿಕಾರಿ, ದಾವಣಗೆರೆ