ಪ್ಯಾಕೆಟ್ಟನ್ನು ಬೈಯುವ ಮುನ್ನ ಕೊಯ್ಲಿನ ಹೊತ್ತು ಕೇಳಿ

ಮಾನ್ಯ ಸಂಪಾದಕರೆ,

ನಿಮ್ಮ ಭಾನುವಾರದ ಪುರವಣಿಯಲ್ಲಿ ದಿಢೀರ್ ಅಡುಗೆಯನ್ನು ತರಾಟೆಗೆ ತೆಗೆದುಕೊಂಡ ಲೇಖನ ಓದಿದೆ. ಪ್ಯಾಕೆಟ್ ಕತ್ತರಿಸುವವರೆಲ್ಲ ಸೋಮಾರಿಗಳು, ಚೀಲ ಹಿಡಿದು ಮಾರುಕಟ್ಟೆಗೆ ಹೋಗುವವರೆಲ್ಲ ಪುಣ್ಯವಂತರು ಎಂಬ ಧಾಟಿ ಅದರದು. ಆಯಾ ಕಾಲದ ತರಕಾರಿ ತಿನ್ನಬೇಕು ಎಂಬ ಲೇಖಕರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆಯಿದೆ. ಆದರೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವೆ ಅವರು ಎಳೆದ ಗೆರೆ ತಪ್ಪು ಜಾಗದಲ್ಲಿ ಬಿದ್ದಿದೆ.

ನಾನು ತರಕಾರಿ ಫ್ರೀಜ್ ಮಾಡುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಬಹುಕಾಲ ದುಡಿದು ನಿವೃತ್ತಳಾದವಳು. ಕಾರ್ಖಾನೆಯ ಪರ ವಕಾಲತ್ತು ಎಂದುಕೊಳ್ಳಬೇಡಿ. ಈ ಪತ್ರದ ಉತ್ತರಾರ್ಧ ಆ ಉದ್ಯಮದ ಅರ್ಧ ಜನಕ್ಕೆ ಹಿಡಿಸಲಾರದು.

ಬಟಾಣಿಯಿಂದಲೇ ಶುರು ಮಾಡುತ್ತೇನೆ, ನನಗೆ ಹೆಚ್ಚು ಗೊತ್ತಿರುವುದು ಅದೇ. ಕಾಯಿ ಬಳ್ಳಿಯಿಂದ ಬೇರೆಯಾದ ಗಳಿಗೆಯಿಂದ ಕಾಳಿನೊಳಗಿನ ಸಕ್ಕರೆ ಪಿಷ್ಟವಾಗತೊಡಗುತ್ತದೆ. ಸೆಕೆ ಹೆಚ್ಚಿದಷ್ಟೂ ಈ ಕೆಲಸ ಚುರುಕು. ಹೊಲದ ಬದುವಿನಲ್ಲಿ ನಿಂತು ತಿಂದಾಗ ಸಿಹಿಯಾಗಿದ್ದ ಕಾಳು ಎರಡು ದಿನ ಕಳೆದು ಅಡುಗೆಮನೆಗೆ ಬರುವಷ್ಟರಲ್ಲಿ ಹಿಟ್ಟುಹಿಟ್ಟಾಗುವುದು ಇದರಿಂದಲೇ. ನಮ್ಮಲ್ಲಿ ಲಾರಿ ಗೇಟು ದಾಟಿತೆಂದರೆ ಮೊದಲು ಒಂದು ಬೋಗುಣಿ ಕಾಳು ಲ್ಯಾಬಿಗೆ ಬರಬೇಕು. ಅದನ್ನು ಟೆಂಡರೋಮೀಟರ್ ಎಂಬ ಯಂತ್ರಕ್ಕೆ ಸುರಿಯುತ್ತಿದ್ದೆವು. ಅದರ ಲೋಹದ ಅಲಗುಗಳು ಕಾಳನ್ನು ಒತ್ತಿ ಕತ್ತರಿಸಲು ಎಷ್ಟು ಬಲ ಬೇಕಾಯಿತು ಎಂಬುದು ಅಂಕಿಯಾಗಿ ಕಾಣುತ್ತದೆ. ಅಂಕಿ ಕಡಿಮೆಯಿದ್ದರೆ ಎಳೆಯ ಕಾಳು, ಬೆಳೆದವರಿಗೆ ಒಳ್ಳೆಯ ದರ. ಏರಿತೋ, ಕಾಳು ಬಲಿತಿದೆ, ದರ ಇಳಿಯಿತು. ಆ ಮುಳ್ಳಿನ ಮೇಲೆ ಕಣ್ಣು ನೆಟ್ಟು ನಿಂತ ಬೆಳೆಗಾರರ ಮುಖ ನೋಡಿದವರು ಯಾರೂ ಕಾರ್ಖಾನೆಗೆ ಸೀಸನ್ನಿನ ಹಂಗಿಲ್ಲ ಎನ್ನಲಾರರು. ಹೊಲವೊಂದು ಹದಕ್ಕೆ ಬಂದು ನಿಲ್ಲುವುದು ಒಂದೆರಡು ದಿನ ಮಾತ್ರ. ಅದು ಹಬ್ಬದ ದಿನವಾದರೂ ಕೊಯ್ಯಬೇಕು, ನಡುರಾತ್ರಿಯಾದರೂ ಕೊಯ್ಯಬೇಕು. ಆ ವಾರಗಳಲ್ಲಿ ನಮಗ್ಯಾರಿಗೂ ರಜೆ ಇರುತ್ತಿರಲಿಲ್ಲ.

ಕೊಯ್ದ ಕೆಲವೇ ಗಂಟೆಗಳಲ್ಲಿ ಕಾಳು ಮೈನಸ್ 18 ಡಿಗ್ರಿಗೆ ಇಳಿದಿರಬೇಕು. ಅದಕ್ಕೂ ಮೊದಲು ಒಂದೆರಡು ನಿಮಿಷ ಬಿಸಿನೀರು ಇಲ್ಲವೇ ಹಬೆ. ಚಳಿಯಿಂದ ಕಾಳಿನೊಳಗಿನ ಕಿಣ್ವಗಳು (ಎಂಜೈಮುಗಳು) ಮಂದವಾಗುತ್ತವೆ, ಸಾಯುವುದಿಲ್ಲ. ಬಿಟ್ಟರೆ ಫ್ರೀಜರಿನೊಳಗೂ ನಿಧಾನವಾಗಿ ಬಣ್ಣ, ರುಚಿ ಕೆಡಿಸುತ್ತವೆ. ಬಿಸಿ ಸಾಕಷ್ಟು ತಾಗಿದೆಯೇ ಎಂದು ನೋಡಲು ಕಾಳನ್ನು ಜಜ್ಜಿ ಗ್ವಾಯಕಾಲ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಎಂಬ ರಾಸಾಯನಿಕಗಳನ್ನು ಹನಿಸುತ್ತಿದ್ದೆವು. ಕೆಂಗಂದು ಬಣ್ಣ ತಿರುಗಿದರೆ ಪೆರಾಕ್ಸಿಡೇಸ್ ಎಂಬ ಕಿಣ್ವ ಇನ್ನೂ ಜೀವಂತ ಎಂದರ್ಥ. ಈ ಬಿಸಿಯಲ್ಲಿ ವಿಟಮಿನ್ ಸಿ ಒಂದಿಷ್ಟು ನಷ್ಟವಾಗುವುದು ನಿಜ. ಆದರೆ ಆಮೇಲೆ ಆಗುವ ನಷ್ಟ ಬಹಳ ನಿಧಾನ. ಮಾರುಕಟ್ಟೆಯ ರಾಶಿಯಲ್ಲಿ, ಅಂಗಡಿಯಲ್ಲಿ, ಕೊನೆಗೆ ನಮ್ಮದೇ ಫ್ರಿಜ್ಜಿನಲ್ಲಿ ದಿನಗಟ್ಟಲೆ ಬಾಡುವ ಬಟಾಣಿಯೋ ಸೊಪ್ಪೋ ಆಗಲೇ ಎಷ್ಟು ಕಳೆದುಕೊಂಡಿದೆ ಎಂದು ಯಾರೂ ಅಳೆಯುವುದಿಲ್ಲ, ಅದರ ಮೇಲೆ 'ತಾಜಾ' ಎಂದು ಬರೆದಿರುತ್ತದೆಯಲ್ಲ.

ಬೇಗ ಹೆಪ್ಪುಗಟ್ಟಿಸುವುದರಲ್ಲೇ ಈ ವಿದ್ಯೆಯ ಗುಟ್ಟಿದೆ. ನಿಧಾನವಾಗಿ ಗಟ್ಟಿಯಾದರೆ ನೀರು ದೊಡ್ಡ ಹರಳುಗಳಾಗಿ ಜೀವಕೋಶದ ಗೋಡೆಯನ್ನು ಸೀಳುತ್ತದೆ, ಕರಗಿದಾಗ ತರಕಾರಿ ಮೆತ್ತಗಾಗಿ ನೀರು ಬಿಡುತ್ತದೆ. ಕೆನಡಾದ ಲ್ಯಾಬ್ರಡಾರಿನ ಕೊರೆಯುವ ಚಳಿಯಲ್ಲಿ ಅಲ್ಲಿನ ಜನ ಹಿಡಿದ ಮೀನು ಕ್ಷಣದಲ್ಲಿ ಹೆಪ್ಪುಗಟ್ಟುವುದನ್ನೂ, ಎಷ್ಟೋ ದಿನದ ಮೇಲೆ ಬೇಯಿಸಿದರೂ ಕೆಡದಿರುವುದನ್ನೂ ಕಂಡ ಅಮೆರಿಕದ ಸಂಶೋಧಕ ಕ್ಲಾರೆನ್ಸ್ ಬರ್ಡ್ಸ್‌ಐ 1920ರ ದಶಕದಲ್ಲಿ ಅದನ್ನು ಯಂತ್ರಕ್ಕೆ ಇಳಿಸಿದರು. ಮನೆಯ ಫ್ರೀಜರಿಗೆ ಆ ವೇಗವಿಲ್ಲ. ತುಂಬಿ ತುಳುಕುವ ಡಬ್ಬಿಯನ್ನು ಒಮ್ಮೆಗೇ ಒಳಗಿಡುವ ಬದಲು ತಟ್ಟೆಯಲ್ಲಿ ತೆಳ್ಳಗೆ ಹರಡಿ, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿದರೆ ವಾಸಿ.

ಹಾಗೆಂದು ನಾನು ವರ್ಷವಿಡೀ ಪ್ಯಾಕೆಟ್ ಬಟಾಣಿ ತಿನ್ನುವವಳಲ್ಲ. ಸೀಸನ್ನಿನಲ್ಲಿ ನಮ್ಮ ಮನೆಗೂ ಕಾಯಿಯೇ ಬರುವುದು. ಯಜಮಾನರು ಹಳೆಯ ಪೇಪರು ಹಾಸಿಕೊಂಡು (ಕ್ಷಮಿಸಿ, ನಿಮ್ಮದೇ ಪತ್ರಿಕೆ) ಬಿಡಿಸಲು ಕೂರುತ್ತಾರೆ, ಅರ್ಧ ಪಾತ್ರೆಗೆ, ಅರ್ಧ ಬಾಯಿಗೆ. ಆ ರುಚಿಗೆ ಯಾವ ಯಂತ್ರವೂ ಸಾಟಿಯಲ್ಲ. ಸೀಸನ್ ಮುಗಿದ ಮೇಲೆ ದೂರದಿಂದ ಬಂದ ಒಣಕಲು ಕಾಯಿಗೆ ದುಬಾರಿ ದುಡ್ಡು ತೆತ್ತು 'ತಾಜಾ ತಂದೆ' ಎಂದು ಬೀಗುವುದು ಮಾತ್ರ ನನ್ನ ಕೈಲಾಗದು. ಹದವಾದ ದಿನ ಕೊಯ್ದು ನಿಲ್ಲಿಸಿಟ್ಟ ಕಾಳೇ ಆಗ ಸೀಸನ್ನಿಗೆ ಹೆಚ್ಚು ಹತ್ತಿರ.

ಟೊಮೆಟೊ ವಿಷಯವೂ ಹೀಗೇ. ದೂರ ಸಾಗಿಸಬೇಕಾದ ಹಣ್ಣನ್ನು ಹಸಿರಿರುವಾಗಲೇ ಕಿತ್ತು ಆಮೇಲೆ ಎಥಿಲೀನ್ ಅನಿಲ ಕೊಟ್ಟು ಕೆಂಪಾಗಿಸುವುದು ಬಹಳ ಕಡೆ ರೂಢಿ. ಬಣ್ಣವೇನೋ ಬರುತ್ತದೆ, ಗಿಡದಲ್ಲೇ ಮಾಗಿದ ಹಣ್ಣಿನ ರುಚಿ ಬರುವುದಿಲ್ಲ. ಉಳಿದಿದ್ದನ್ನು ನಾವು ಫ್ರಿಜ್ಜಿಗೆ ತುರುಕಿ ಕೆಡಿಸುತ್ತೇವೆ: ಸುಮಾರು 12 ಡಿಗ್ರಿಗಿಂತ ಕೆಳಗೆ ಇಟ್ಟರೆ ಪರಿಮಳ ಕೊಡುವ ಅಂಶಗಳನ್ನು ತಯಾರಿಸುವ ಜೀನುಗಳೇ ಮಂಕಾಗುತ್ತವೆ ಎಂದು 2016ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಡಬ್ಬಿಗೆ ಹೋಗುವ ಟೊಮೆಟೊ ಸಾಮಾನ್ಯವಾಗಿ ಹಣ್ಣಾದ ಮೇಲೆ ಕೊಯ್ದದ್ದು. ಬೇಯಿಸುವಾಗ ವಿಟಮಿನ್ ಸಿ ಕಡಿಮೆಯಾದರೂ ಕೆಂಪು ಬಣ್ಣದ ಲೈಕೋಪೀನ್ ನಮ್ಮ ದೇಹಕ್ಕೆ ಹೆಚ್ಚು ಸುಲಭವಾಗಿ ಸಿಗುತ್ತದೆ, ಜೊತೆಗೊಂದಿಷ್ಟು ಎಣ್ಣೆಯಿದ್ದರೆ ಇನ್ನೂ ಚೆನ್ನ. ಹಾಗಾಗಿ ಕಾಲವಲ್ಲದ ಕಾಲದಲ್ಲಿ ಕುದಿಸುವ ಅಡುಗೆಗೆ ಡಬ್ಬಿ, ಕಾಲ ಬಂದಾಗ ಹಸಿಯಾಗಿ ಹೆಚ್ಚಿ ಉಪ್ಪು ಉದುರಿಸಲು ಹಣ್ಣು. ಡಬ್ಬಿಯೆಂದರೆ ಮೂಗು ಮುರಿಯುವವರಿಗೆ ಒಂದು ಮಾತು: ಆಹಾರವನ್ನು ಮುಚ್ಚಿ ಕುದಿಸಿ ಕಾಪಾಡುವ ವಿಧಾನವನ್ನು ಪ್ರಕಟಿಸಿ ನಿಕೊಲಾ ಅಪೇರ್ ಫ್ರೆಂಚ್ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದದ್ದು 1810ರಲ್ಲಿ. ಅದು ಯಾಕೆ ಕೆಡುವುದಿಲ್ಲ ಎಂದು ಪಾಶ್ಚರ್ ವಿವರಿಸುವ ಹೊತ್ತಿಗೆ ಅರ್ಧ ಶತಮಾನ ಕಳೆದಿತ್ತು. ಡಬ್ಬಿ ತೆರೆಯುವ ಸಾಧನವೂ ದಶಕಗಳ ನಂತರವೇ ಬಂದದ್ದು. ಅಲ್ಲಿಯವರೆಗೆ ಉಳಿ, ಸುತ್ತಿಗೆ! ಅಂಥ ಶಾರ್ಟ್‌ಕಟ್ಟನ್ನು ಸೋಮಾರಿತನ ಎನ್ನಲು ನನಗೆ ಮನಸ್ಸಿಲ್ಲ.

ಇನ್ನು ಉದ್ಯಮದವರಿಗೆ ಹಿಡಿಸದ ಭಾಗ.

ಕಾಳನ್ನೋ ಹಣ್ಣನ್ನೋ ಅದರ ಹದದಲ್ಲಿ ನಿಲ್ಲಿಸುವ ಶಾರ್ಟ್‌ಕಟ್ ಬೇರೆ, ಊಟವನ್ನೇ ಬದಲಿಸಿಬಿಡುವ ಶಾರ್ಟ್‌ಕಟ್ ಬೇರೆ. ಎರಡೂ ಒಂದೇ ಅಂಗಡಿಯ ಒಂದೇ ಫ್ರೀಜರಿನಲ್ಲಿ ಪಕ್ಕಪಕ್ಕ ಮಲಗಿರುತ್ತವೆ, ಗೊಂದಲವಾಗುವುದು ಸಹಜ. ಪ್ಯಾಕೆಟ್ ಹಿಂದಕ್ಕೆ ತಿರುಗಿಸಿ ನೋಡಿ. ಒಂದರ ಪದಾರ್ಥಗಳ ಪಟ್ಟಿಯಲ್ಲಿ 'ಬಟಾಣಿ' ಎಂದಷ್ಟೇ ಇದೆ. ಇನ್ನೊಂದರಲ್ಲಿ ಮಾರ್ಪಡಿಸಿದ ಪಿಷ್ಟ, ಗ್ಲೂಕೋಸ್ ಸಿರಪ್, ಎಮಲ್ಸಿಫೈಯರ್, ರುಚಿವರ್ಧಕ, ಪರಿಮಳ, ಬಣ್ಣ. ಮುಖದ ಮೇಲೆ ಚಿತ್ರ ಬರೆಸಿಕೊಂಡ ತರಕಾರಿಯ ಹೆಸರು ಪಟ್ಟಿಯಲ್ಲಿ ಎಲ್ಲೋ ಕೆಳಗೆ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯುವುದು ಬಹುತೇಕ ಕಡೆಯ ನಿಯಮ, ಆದ್ದರಿಂದ ಪಟ್ಟಿಯ ಮೇಲಿನ ಮೂರು ಹೆಸರು ಓದಿದರೂ ಸಾಕಷ್ಟು ಗೊತ್ತಾಗುತ್ತದೆ. ಉಪ್ಪಿನ ಲೆಕ್ಕಕ್ಕೆ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೆಲವು ದಿಢೀರ್ ಊಟಗಳು ಒಂದೇ ತಟ್ಟೆಯಲ್ಲಿ ಅದರ ಅರ್ಧ ಮುಗಿಸಿಬಿಡುತ್ತವೆ.

ಬ್ರೆಜಿಲ್‌ನ ಕಾರ್ಲೋಸ್ ಮೊಂಟೇರೊ ಮತ್ತು ಅವರ ಸಂಗಡಿಗರು ರೂಪಿಸಿದ ನೋವಾ ಎಂಬ ಆಹಾರ ವರ್ಗೀಕರಣ ಗೆರೆ ಎಳೆಯುವುದು ಇಲ್ಲೇ. ಬರೀ ಫ್ರೀಜ್ ಮಾಡಿದ ತರಕಾರಿ ಅದರಲ್ಲಿ ತಾಜಾ ತರಕಾರಿಯ ಗುಂಪಿನಲ್ಲೇ, ಅಂದರೆ ಮೊದಲನೆಯದರಲ್ಲೇ, ಬರುತ್ತದೆ. ಕಾರ್ಖಾನೆಯ ಸೂತ್ರದಂತೆ ಕಟ್ಟಿದ ತಿನಿಸುಗಳು ನಾಲ್ಕನೆಯ ಗುಂಪು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 20 ಮಂದಿಯನ್ನು ನಾಲ್ಕು ವಾರ ಒಳಗೇ ಇರಿಸಿಕೊಂಡು, ಎರಡು ವಾರ ನಾಲ್ಕನೆಯ ಗುಂಪಿನ ಊಟ, ಎರಡು ವಾರ ಸಂಸ್ಕರಿಸದ ಪದಾರ್ಥಗಳ ಊಟ ಬಡಿಸಿತು. ಮುಂದಿಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸರಿಸಮ, ಎಷ್ಟು ಬೇಕೋ ಅಷ್ಟು ತಿನ್ನಬಹುದು. 2019ರಲ್ಲಿ ಬಂದ ಫಲಿತಾಂಶದ ಪ್ರಕಾರ ಕಾರ್ಖಾನೆಯ ಊಟದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ತೂಕವೂ ಏರಿತು. ತಿನ್ನುವ ವೇಗವೂ ಹೆಚ್ಚಿತ್ತು. ನನಗೆ ಆಶ್ಚರ್ಯವಾಗಲಿಲ್ಲ. ಅಗಿಯುವ ಕೆಲಸವನ್ನೂ ಯಂತ್ರವೇ ಮುಗಿಸಿಟ್ಟ ಮೇಲೆ ನುಂಗುವುದೊಂದೇ ಬಾಕಿ.

ಬಾಟಲಿಯ ಬೆಳ್ಳುಳ್ಳಿ ಪೇಸ್ಟ್ ಮಾತ್ರ ನಮ್ಮ ಮನೆಗೆ ಬರುವುದಿಲ್ಲ. ಆ ಘಾಟು ಹುಟ್ಟುವುದೇ ಎಸಳನ್ನು ಜಜ್ಜಿದಾಗ, ಬೇಗ ಮಾಯವಾಗುವಂಥದ್ದೂ ಅದೇ. ಬಾಟಲಿಯಲ್ಲಿ ಉಳಿಯುವುದು ಹುಳಿ ಮತ್ತು ಉಪ್ಪು, ಅದೂ ಕೆಡದಿರಲೆಂದು ಹಾಕಿದ್ದು. ಮನೆಯಲ್ಲೇ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ: ಗಾಳಿಯಾಡದ ಆ ಎಣ್ಣೆಯಡಿ ಬಾಟ್ಯುಲಿಸಂ ಎಂಬ ಮಾರಕ ರೋಗ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು.

ಮಗ ಬೇರೆ ಊರಿನಲ್ಲಿ ಒಬ್ಬನೇ ಇದ್ದಾನೆ, ಕೆಲಸ ಮುಗಿಸಿ ಮನೆ ಸೇರುವುದು ರಾತ್ರಿ. "ಕಾಳು ನೆನೆಹಾಕೋದು ಮರ್ತೇಬಿಟ್ಟೆ ಕಣಮ್ಮಾ, ಸ್ಲೋ ಕುಕ್ಕರಿಗೆ ಹಾಗೇ ಹಾಕಿಬಿಡ್ಲಾ?" ಎಂದು ಫೋನ್ ಮಾಡಿದ್ದ. ರಾಜ್ಮಾ ಕಾಳು. ಬೇಡವೇ ಬೇಡ ಎಂದೆ. ಕೆಂಪು ರಾಜ್ಮಾದಲ್ಲಿ ಲೆಕ್ಟಿನ್ ಎಂಬ ನಂಜಿನ ಅಂಶವಿದೆ, ನೆನೆಸಿದ ನೀರು ಚೆಲ್ಲಿ ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿದರಷ್ಟೇ ಅದು ಹೋಗುತ್ತದೆ. ಕಡಿಮೆ ಬಿಸಿಯಲ್ಲಿ ಬೆಂದಂತೆ ಕಂಡ ಕಾಳು ತಿಂದು ವಾಂತಿ ಮಾಡಿಕೊಂಡವರಿದ್ದಾರೆ. ಡಬ್ಬಿಯ ಕಾಳು ಪೂರ್ತಿ ಬೆಂದಿರುತ್ತದೆ. "ಡಬ್ಬಿ ತೆಗಿ, ನೀರಲ್ಲಿ ಜಾಲಿಸು, ಉಪ್ಪು ಕಮ್ಮಿಯಾಗತ್ತೆ, ಈರುಳ್ಳಿ ಟೊಮೆಟೊ ಜೊತೆ ಹತ್ತು ನಿಮಿಷ ಕುದಿಸ್ಕೊ" ಎಂದೆ. ಆ ಲೇಖನದ ಅಳತೆಗೋಲಿನಲ್ಲಿ ಅವನು ಸೋಮಾರಿ. ಆ ಡಬ್ಬಿ ಇಲ್ಲದಿದ್ದರೆ ಅವನು ಕಾಳು ನೆನೆಹಾಕುತ್ತಿರಲಿಲ್ಲ, ಹೊರಗಿನಿಂದ ಏನಾದರೂ ತರಿಸಿಕೊಳ್ಳುತ್ತಿದ್ದ.

ಲೇಖಕರು ಅಜ್ಜಿಯ ಅಡುಗೆಮನೆಯನ್ನು ಆದರ್ಶವಾಗಿ ನಿಲ್ಲಿಸಿದ್ದಾರೆ. ಅಜ್ಜಿಯರು ಒಣಗಿಸುತ್ತಿದ್ದರು, ಉಪ್ಪಿಗೆ ಹಾಕುತ್ತಿದ್ದರು, ಬಿಸಿಲಿನ ತಿಂಗಳಲ್ಲಿ ಮಾಡಿಟ್ಟದ್ದನ್ನು ಮಳೆಯ ತಿಂಗಳಲ್ಲಿ ತೆಗೆಯುತ್ತಿದ್ದರು. ಅದು ಶಾರ್ಟ್‌ಕಟ್ ಅಲ್ಲದೆ ಇನ್ನೇನು? ಅವರ ಸುತ್ತ ಹೆಚ್ಚಿಕೊಡಲು, ಸೋಸಿಕೊಡಲು ನಾಲ್ಕಾರು ಹೆಂಗಸರಿದ್ದರು ಎಂಬುದನ್ನು ಲೇಖನ ಹೇಳುವುದಿಲ್ಲ. ಸೊಪ್ಪು ಬಿಡಿಸುವ ಕೈ ಯಾರದು ಎಂದು ಕೇಳದೆ ತಾಜಾ ಅಡುಗೆಯ ಗುಣಗಾನ ಮಾಡುವುದು ಬಲು ಸುಲಭ.

ನಿಮ್ಮಲ್ಲಿ ಒಂದು ಕೋರಿಕೆ. ಪುರವಣಿಯ ಅಡುಗೆ ಪುಟದಲ್ಲಿ 'ಎಳೆಯ ಬಟಾಣಿ ಒಂದು ಬಟ್ಟಲು' ಎಂದು ಬರೆದು ಕೈತೊಳೆದುಕೊಳ್ಳುತ್ತೀರಿ, ಬಟಾಣಿ ಎಲ್ಲೂ ಸಿಗದ ತಿಂಗಳಲ್ಲೂ. ಪ್ರತಿ ಅಡುಗೆಯ ಕೆಳಗೆ ಎರಡು ಸಾಲು ಸೇರಿಸಲು ಬರೆಯುವವರಿಗೆ ಹೇಳಿ: ಈ ತರಕಾರಿಗೆ ಒಳ್ಳೆಯ ಕಾಲ ಯಾವುದು, ಆ ಕಾಲ ಅಲ್ಲದಿದ್ದರೆ ಫ್ರೋಜನ್ನೋ ಡಬ್ಬಿಯದೋ ಒಣಗಿದ್ದೋ ಯಾವುದು ಹೊಂದುತ್ತದೆ, ನೀರು ಮತ್ತು ಉಪ್ಪನ್ನು ಎಷ್ಟು ಕಡಿಮೆ ಮಾಡಬೇಕು. ಫ್ರೋಜನ್ ಬಟಾಣಿಯಾದರೆ ಕರಗಿಸದೆ ನೇರವಾಗಿ ಬಿಸಿ ಪಾತ್ರೆಗೆ, ಕೊನೆಯ ಮೂರ್ನಾಲ್ಕು ನಿಮಿಷ ಇರುವಾಗ ಹಾಕಲು ಹೇಳಿ. ಅದು ಆಗಲೇ ಒಮ್ಮೆ ಬಿಸಿ ಕಂಡಿದೆ, ಮೊದಲಿಗೇ ಹಾಕಿದರೆ ಮುದ್ದೆಯಾಗುತ್ತದೆ. ಬರೆಯುವವರಿಗೆ ಬಿಡುವಿಲ್ಲದಿದ್ದರೆ ತಿಳಿಸಿ, ಮುಂದಿನ ಸಂಚಿಕೆಯ ಅಡುಗೆಗಳಿಗೆ ನಾನೇ ಬರೆದು ಕಳಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ನಿವೃತ್ತ ಲ್ಯಾಬ್ ಪರೀಕ್ಷಕಿ, ನಿಮ್ಮ ಹಳೆಯ ಓದುಗಾರ್ತಿ